ಹಸೀನಾಬಿಯ ಮಾಳಿಗೆಯ ಮೇಲೆ ಎರಡನೇ ಅಲೆ

ಗಾಳಿಕೊಪ್ಪ
ಎರಡನೇ ಶ್ರಾವಣ, ನಲವತ್ತೊಂದನೇ ತಾರೀಖು, ತಂಪುವಾರ

ಎರಡು ಸಾವಿರದ ಇಪ್ಪತ್ತೊಂದರ ಆಸುಪಾಸಿನಲ್ಲಿ ಬದುಕಿರುವ ನಮ್ಮ ಹಿರಿಯರಿಗೆ ಸಂಕವ್ವನ ಶರಣಾರ್ಥಿಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮುದುಕಿಗೆ ಅರಳುಮರಳು ಎಂದೂ ತಿಳಿಯಬೇಡಿ. ಮಳೆ ತನಗೆ ಮನಸ್ಸು ಬಂದಾಗ ಬರತೊಡಗಿದ ಮೇಲೆ, ನಾವು ತಿಂಗಳುಗಳನ್ನೂ ಅದರ ಹಿಂದೆ ಎಳೆದುಕೊಂಡು ಹೋಗುತ್ತೇವೆ. ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ. ತಂಪುವಾರವೆಂದರೆ ವಾರದ ಎಂಟನೇ ದಿನ. ಅಂದು ಯಂತ್ರಗಳನ್ನೆಲ್ಲ ಆರಲು ಬಿಡುತ್ತೇವೆ. ಹೆಂಗಸರನ್ನು ಆರಲು ಬಿಡುವ ವಾರ ಇನ್ನೂ ಹುಟ್ಟಿಲ್ಲ.

ನನ್ನ ಮಾತು ಒರಟೆನ್ನಿಸಿದರೆ, ನಡುವೆ ಗೊತ್ತಿಲ್ಲದ ಶಬ್ದ ಬಂದರೆ ಕ್ಷಮಿಸಿ. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದರಲ್ಲೂ ಒಂದು ವರ್ಷ ಮಾಸ್ತರರೇ ಬರಲಿಲ್ಲ. ಇನ್ನೊಂದು ತೊಡಕಿದೆ. ವಂಶದ ಲೆಕ್ಕ ಹಿಡಿದರೆ ನೀವು ನನಗೆ ಮುತ್ತಜ್ಜ ಮುತ್ತಜ್ಜಿಯರು, ನಿಮ್ಮ ಕಾಲಿಗೆ ಬೀಳಬೇಕು. ಆದರೆ ಇದನ್ನು ಓದುವ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ನನ್ನ ಮೊಮ್ಮಕ್ಕಳ ಪ್ರಾಯದವರು, ನಿಮ್ಮ ಕಿವಿ ಹಿಂಡಬೇಕು. ಎರಡೂ ಒಟ್ಟಿಗೆ ಆಗದ ಕಾರಣ ಬಹುವಚನ ಹಾಕಿಯೇ ಬೈಯುತ್ತೇನೆ.

ನಿಮ್ಮ ಕಾಲದಲ್ಲಿ ಒಂದು ಜಡ್ಡು ಎರಡನೇ ಸಲ ಎದ್ದು ಬಂತಂತೆ. ಅದನ್ನು ಹೇಗೆ ನಿಭಾಯಿಸಬೇಕೆಂದು ಒಂದು ಪೆಟ್ಟಿಗೆಯೊಳಗೆ ಎಂಟು ಮಂದಿ ಎಂಟು ಕಿಟಕಿಗಳಲ್ಲಿ ಕುಳಿತು ಒಂದೇ ಸಮಕ್ಕೆ ಕೂಗುತ್ತಿದ್ದರಂತೆ. ನಗಲು ನನಗೆ ಮುಖವಿಲ್ಲ. ನಮಗೂ ಎರಡನೇ ಸಲ ಬಂತು, ನಾವೂ ಕೂಗಿದೆವು. ಆ ಕೂಗಾಟದಲ್ಲಿ ನನ್ನ ನೆರೆಮನೆಯ ಹಸೀನಾಬಿಯ ಜೀವ ಹೋಗುವುದರಲ್ಲಿತ್ತು. ಅದನ್ನು ನಿಮಗೆ ತಿಳಿಸಬೇಕೆಂದೇ ಬರೆಯುತ್ತಿದ್ದೇನೆ.

ನಮ್ಮ ಜಡ್ಡಿನ ಹೆಸರು ತೂಕಡಿಕೆ ಜ್ವರ. ಮೈ ಕಾಯುತ್ತದೆ, ಆಮೇಲೆ ಕಣ್ಣು ಎಳೆಯುತ್ತದೆ. ಜಡ್ಡಾದವರನ್ನು ಆಗಾಗ ಎಬ್ಬಿಸಿ, ನೀರು ಕುಡಿಸಿ, ಮಾತಿಗೆ ಎಳೆಯುತ್ತಿದ್ದರೆ ಏಳೆಂಟು ದಿನದಲ್ಲಿ ಇಳಿಯುತ್ತದೆ. ಪೂರ್ತಿ ಮಲಗಲು ಬಿಟ್ಟರೋ, ಬಾಯಾರಿಕೆಯೂ ತಿಳಿಯದೆ ಒಣಗಿ ಹೋಗುತ್ತಾರೆ. ಮುಚ್ಚಿದ ಕೋಣೆಯಲ್ಲಿ ಉಸಿರಿನಿಂದ ಉಸಿರಿಗೆ ದಾಟುತ್ತದೆ. ಇದನ್ನೆಲ್ಲ ನಮಗೆ ಹೇಳಿದವರು ಡಾಕ್ಟರ್ ಇಂದುಮತಿ. ಅವರು ಇರುವುದು ಬಹಳ ದೂರ, ಬರುವುದು ಗೋಡೆಮುಖದಲ್ಲಿ. ಗೋಡೆಮುಖವೆಂದರೆ ಪಂಚಾಯ್ತಿ ಕಟ್ಟೆಯ ಬಿಳಿ ಗೋಡೆ. ದೂರದವರ ಮುಖ ಅದರ ಮೇಲೆ ಹಂಡೆಯಷ್ಟು ದೊಡ್ಡದಾಗಿ ಮೂಡಿ ಮಾತಾಡುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದರೆ ಮೂಗಿನ ತನಕ ಮಾತ್ರ ಕಾಣುತ್ತದೆ.

ಮೊದಲನೇ ಅಲೆಯಲ್ಲಿ ನಾವು ಮಾಡಿದ ಘನಕಾರ್ಯ ಕೇಳಿ. ಊರಲ್ಲಿ ಯಾರಿಗಾದರೂ ಜಡ್ಡಾದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಇದು ನಿಮ್ಮಿಂದಲೇ ನಮಗೆ ಬಂದ ರೂಢಿ, ಇಲ್ಲವೆನ್ನಬೇಡಿ. ಹೋಗದಿದ್ದರೆ ಮೊಮ್ಮಕ್ಕಳ ಮದುವೆಯ ಹೊತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಮೊದಲು ಮಲಗಿದವನು ಗೊಬ್ಬರದ ಅಡಿವೆಪ್ಪ. ಇಡೀ ಗಾಳಿಕೊಪ್ಪ ಒಂದೊಂದು ಚಿಪ್ಪು ಬಾಳೆಹಣ್ಣು ಹಿಡಿದು ಅವನ ಪಡಸಾಲೆಯಲ್ಲಿ ತುಂಬಿಕೊಂಡಿತು. ಅವನಿಗೆ ನಿದ್ದೆ ಬರಲು ಯಾರು ಬಿಟ್ಟಾರು? ಮೂರೇ ದಿನಕ್ಕೆ ಎದ್ದು ಕುಳಿತ. ಮಾತಾಡಿಸಲು ಹೋದವರು ಸಾಲಾಗಿ ಮಲಗಿದರು. ಅಡಿವೆಪ್ಪನೇ ಆ ಬಾಳೆಹಣ್ಣುಗಳನ್ನು ಮನೆಮನೆಗೆ ತಿರುಗಿ ಹಂಚಿದ.

ಆಮೇಲೆ ಬುದ್ಧಿ ಬಂದು ನಿಯಮ ಮಾಡಿದರು. ಜಡ್ಡಾದವರ ಮನೆಯ ಬಾಗಿಲಿಗೆ ಮುದ್ರೆ. ಮನೆಯ ಉಳಿದವರು ಸಾಲಿಗುಡಿಯಲ್ಲಿ, ಅಂದರೆ ಶಾಲೆಯ ಕಟ್ಟಡದಲ್ಲಿ. ಒಳಗೆ ಹೋಗಲು ಸಭೆಯೇ ನೇಮಿಸಿದ ಒಬ್ಬ ಎಬ್ಬಿಸುವವಳು, ಅವಳ ತಲೆಗೆ ಉಸಿರುಗವಸು. ಒಳ್ಳೆಯ ನಿಯಮ, ನಾನೂ ಒಪ್ಪುತ್ತೇನೆ. ಜಡ್ಡು ಇಳಿಯಿತು. ನಮ್ಮ ಚೇರ್ಮನ್ ಬಾಳನಗೌಡ ತಾನೇ ಕೈಹಿಡಿದು ಅಲೆಯನ್ನು ಊರಾಚೆ ಬಿಟ್ಟು ಬಂದವನಂತೆ ಎದೆಯುಬ್ಬಿಸಿದ. ಅವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಅಲೆ ಮುಗಿಯಿತೆಂದು ಗೋಡೆಮುಖದಲ್ಲಿ ಸಾರಿದರು. ಅಲೆ ಮುಗಿದ ಮೇಲೆ ಅದರ ನಿಯಮವೂ ಮುಗಿದಂತೆ; ಎಬ್ಬಿಸುವವರನ್ನು ಮನೆಗೆ ಕಳಿಸಿದರು.

ಹೀಗಿರುವಾಗ ಹಸೀನಾಬಿ ಬಿದ್ದಳು. ಅವಳ ಮಾಳಿಗೆಗೂ ನನ್ನ ಮಾಳಿಗೆಗೂ ನಡುವೆ ಒಂದೇ ಗೋಡೆ. ನಿಮ್ಮ ಸಿಮೆಂಟಿನ ಮನೆಗಳು ಬಿಸಿಲಿಗೆ ಒಲೆಯಾದ ಮೇಲೆ ನಾವೆಲ್ಲ ಮತ್ತೆ ಮಣ್ಣಿನ ಸಮತಟ್ಟು ಚಾವಣಿಯ ಮಾಳಿಗೆಮನೆಗೆ ಬಂದಿದ್ದೇವೆ. ಅವಳ ಮಾಳಿಗೆಯ ಮಳೆನೀರು ನನ್ನ ಅಂಗಳಕ್ಕೆ ಬೀಳುತ್ತದೆ. ಆ ನೀರಿನ ಮೇಲೆ ನಮ್ಮಿಬ್ಬರ ಜಗಳ ನಾವು ಸೊಸೆಯಂದಿರಾಗಿ ಬಂದಾಗಿನಿಂದ ನಡೆದಿದೆ. ಅಂದೂ ಅದೇ ನಡೆದಿತ್ತು. ಅವಳು ಸೊಂಟಕ್ಕೆ ಕೈಕೊಟ್ಟು, "ಸಂಕೀ, ನಿನ್ನ ಬಾಯಿಗೆ..." ಎಂದವಳು ಅಲ್ಲಿಗೇ ನಿಲ್ಲಿಸಿ ಕಟ್ಟೆಗೆ ಒರಗಿ ಕಣ್ಣುಮುಚ್ಚಿದಳು. ಇಷ್ಟು ವರ್ಷದಲ್ಲಿ ಅವಳು ಬೈಗುಳವನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ನಿಯಮ ಮುಗಿದಿದ್ದರೂ ಹೆದರಿಕೆಗೆ ಬಾಗಿಲಿಗೆ ಮುದ್ರೆ ಬಿತ್ತು. ಮಗ ಸೊಸೆಯನ್ನು ಸಾಲಿಗುಡಿಗೆ ಸಾಗಿಸಿದರು. ಎಬ್ಬಿಸುವವಳನ್ನು ನೇಮಿಸಲು ಸಭೆ ಸೇರಿತು. ಸಭೆಯೆಂದರೆ ಬಯಲಲ್ಲಿ ಒಬ್ಬರಿಗೊಬ್ಬರು ದೂರ ಕುಳಿತು ಗಟ್ಟಿಯಾಗಿ ಕೂಗುವುದು. ಹತ್ತಿರ ಕುಳಿತಾಗಲೂ ಹಾಗೇ ಕೂಗುತ್ತಿದ್ದರು, ಈಗ ಅದಕ್ಕೊಂದು ಕಾರಣ ಸಿಕ್ಕಿದೆ.

ಬಾಳನಗೌಡ ಎದ್ದು ನಿಂತ. "ಇದು ಎರಡನೇ ಅಲೆರೀ. ಮೊದಲನೇದನ್ನ ನಾ ಮುಗಿಸೀನಿ. ಇದು ಹೊಸಾದು, ಇದಕ್ಕ ಹೊಸಾ ನಿಯಮಾನ ಆಗಬೇಕು."

ಗಿರಣಿ ಚನಬಸಪ್ಪನಿಗೆ ಮುಂದಿನ ಸಲ ಚೇರ್ಮನ್ ಆಗುವ ಆಸೆ. ಅವನು ಸುಮ್ಮನೆ ಕೂರುವನೇ? "ಮುಗಿಸಿದ್ರ ಇದೆಲ್ಲಿಂದ ಬಂತ್ರಿ ಗೌಡ್ರ? ಇದು ಅದರದ ಬಾಲ. ನೀವು ತಲಿ ನೋಡಿ ಶಾಲು ಹೊಚ್ಚಿಸಿಕೊಂಡ್ರಿ. ಹಳೇ ನಿಯಮಾನ ನಡೀಲಿ, ಶಾಲು ವಾಪಸ್ ಕೊಡ್ರಿ."

"ಶಾಲಿನ ಸುದ್ದಿಗೆ ಬರಬ್ಯಾಡ!"

"ಅಲೆನೂ ಅಲ್ಲ, ಬಾಲಾನೂ ಅಲ್ಲ," ಎಂದ ಅಡಿವೆಪ್ಪ. "ಇದು ಬರೇ ಆಲಸ್ಯ. ನನಗ ಮೂರ ದಿನಕ್ಕ ಹೋತು."

ಗೋಡೆಯ ಮೇಲಿನ ಡಾಕ್ಟರಮ್ಮ ಅಷ್ಟು ಹೊತ್ತೂ ಒಂದೇ ಮಾತು ಕೇಳುತ್ತಿದ್ದರು. "ಆ ಅಮ್ಮನ್ನ ಈಗ ಯಾರು ಮಾತಾಡಿಸ್ತಾ ಇದ್ದಾರೆ? ಮೊದ್ಲು ಅದನ್ನ ಹೇಳಿ."

"ಡಾಕ್ಟರ ಬಾಯಾರ, ಒಂದ ಗಳಿಗಿ ತಡೀರಿ. ನಾವು ಮೊದಲ ವಿಷಯಕ್ಕ ಬರತೀವಿ," ಎಂದು ಬಾಳನಗೌಡ ಗೋಡೆಯ ದನಿ ಆರಿಸಿಬಿಟ್ಟ. ಆಮೇಲೆ ಪಾಪ, ಅವರ ಹಂಡೆಯಷ್ಟು ಬಾಯಿ ಸದ್ದಿಲ್ಲದೆ ತೆರೆದು ಮುಚ್ಚುತ್ತಲೇ ಇತ್ತು.

ಬಾಳನಗೌಡನ ಭಾಷಣ ಉದ್ದವಾಯಿತು. ನಡುವೆ ಮೂವರು ತೂಕಡಿಸಿದರು. ಜಡ್ಡೇ ಬಂತೆಂದು ಸಭೆ ಚೆಲ್ಲಾಪಿಲ್ಲಿಯಾಗಿ ಓಡಿತು. ಅವರ ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು. ಭಾಷಣ ನಿಲ್ಲಿಸಿದ ಕೂಡಲೇ ಮೂವರೂ ಎದ್ದು ಕುಳಿತರು. ಜ್ವರದ ನಿದ್ದೆ ಯಾವುದು, ಭಾಷಣದ ನಿದ್ದೆ ಯಾವುದು ಎಂದು ಗುರುತಿಸಲು ಒಂದು ಉಪಸಮಿತಿ ಮಾಡಿದರು. ಅಷ್ಟರಲ್ಲಿ ಹೊತ್ತು ಇಳಿಯಿತು.

ನನಗೆ ತಡೆಯಲಾಗಲಿಲ್ಲ. "ಲೇ ಬಾಳ್ಯಾ," ಎಂದೆ. ಅವನು ಚೇರ್ಮನ್ ನಿಜ, ಆದರೆ ಅವನ ಮೂಗು ಒರೆಸಿದ ಸೆರಗು ನನ್ನದೇ. "ಅಕಿ ಒಳಗ ನಿದ್ದಿ ಹತ್ತಿ ಸತ್ರ, ಯಾ ಅಲೆಯೊಳಗ ಸತ್ಲು ಅಂತ ಕಲ್ಲಿನ ಮ್ಯಾಲ ಕೆತ್ತಸ್ತಿ? ಅಕಿಗೆ ನೀರು ಯಾರ ಕೊಟ್ರು?"

"ಅವ್ವಾ, ಸಭಾ ಠರಾವು ಮಾಡದ ನಾ ಬಾಗಲಾ ತಗ್ಯಾಕ ಬರೂದಿಲ್ಲ," ಎಂದ. ಚನಬಸಪ್ಪನೂ ಹೌದೆಂದು ತಲೆಯಾಡಿಸಿದ. ಆ ದಿನವೆಲ್ಲ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ಮುದ್ರೆ ಬಿದ್ದದ್ದು ಬಾಗಿಲಿಗೆ. ಮಾಳಿಗೆಯ ಮಾತು ಯಾರೂ ಎತ್ತಿರಲಿಲ್ಲ. ನಮ್ಮಲ್ಲಿ ಪ್ರತಿ ಮಾಳಿಗೆಯ ನಟ್ಟನಡುವೆ ಒಂದು ಬೆಳಕಿಂಡಿ ಇರುತ್ತದೆ. ಅಡುಗೆಯ ಹೊಗೆ ಮೇಲೆ ಹೋಗಲು, ಬಿಸಿಲು ಕೆಳಗೆ ಬೀಳಲು. ನಾನು ಏಣಿ ಇಟ್ಟುಕೊಂಡು, ನನ್ನ ಎರಡೂ ಮೊಣಕಾಲಿಗೆ ಹೆಸರು ಹಿಡಿದು ಬೈಯುತ್ತ ಹತ್ತಿದೆ. ತಂಬಿಗೆಗೆ ಹಗ್ಗ ಕಟ್ಟಿ ನುಚ್ಚಿನ ಅಂಬಲಿ ಇಳಿಬಿಟ್ಟೆ. ಕಿಂಡಿಗೆ ಬಾಗಿ ಕೂಗಿದೆ.

"ಹಸೀನಾ! ಏ ಹಸೀನಾ!"

ಬಹಳ ಹೊತ್ತಿನ ಮೇಲೆ ಕೆಳಗಿನಿಂದ ದನಿ ಬಂತು. "ಯಾರದು?"

"ನಾನ, ಸಂಕವ್ವ."

"ನನ್ನ ಮಾಳಿಗಿ ಮ್ಯಾಲ ಏನ ಕೆಲಸಾ ನಿಂದು? ನಾ ಒಣಾಕ ಹಾಕಿದ ಮೆಣಸಿನಕಾಯಿ ಕದ್ಯಾಕ ಬಂದೀಯೇನ?"

"ಹೌದು. ಅರ್ಧಾ ಉಡಿಯೊಳಗ ತುಂಬಿಕೊಂಡೀನಿ."

"ನಿನ್ನ ಬಾಯಾಗ ಮಣ್ಣ ಬೀಳಲಿ!" ಎಂದಳು. ಅಂಬಲಿ ಕುಡಿದಳು. ಉಪ್ಪಿಲ್ಲವೆಂದು ತಂಬಿಗೆಯನ್ನು ಗೋಡೆಗೆ ಬಡಿದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲೇ ಕುಳಿತು ಎಲೆಅಡಿಕೆ ಹಾಕಿಕೊಂಡೆ.

ಮರುದಿನವೂ ಸಭೆ ಮುಂದುವರಿಯಿತು. ನಾನು ಮಾಳಿಗೆ ಬಿಟ್ಟು ಇಳಿಯಲಿಲ್ಲ. ಕಣ್ಣು ಎಳೆದಾಗಲೆಲ್ಲ ಕೂಗಿ ಎಬ್ಬಿಸುತ್ತಿದ್ದೆ. ಮಳೆನೀರಿನ ಜಗಳ ತೆಗೆದೆ. ಅವಳ ಕೋಳಿ ನನ್ನ ಜೋಳ ತಿಂದದ್ದು ತೆಗೆದೆ. ಅವಳ ಮಗನ ನಿಕಾಹದಲ್ಲಿ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದನ್ನು ತೆಗೆದೆ. ಮೊದಮೊದಲು ಒಂದಕ್ಕೆ ಹತ್ತು ಹೇಳುತ್ತಿದ್ದಳು. ಆಮೇಲೆ ಒಂದಕ್ಕೆ ಒಂದು. ಮೂರನೇ ದಿನ ಬರೀ "ಹೂಂ". ಇಳಿಬಿಟ್ಟ ತಂಬಿಗೆ ತುಂಬಿದ್ದು ತುಂಬಿದಂತೆಯೇ ಮೇಲೆ ಬಂತು.

"ಹಸೀನಾ, ನಿನ್ನ ಸೊಸಿ ಅಡಗಿ ನಿನಗಿಂತ ಚಲೋ ಮಾಡತಾಳ," ಎಂದೆ. ಸದ್ದಿಲ್ಲ. ನಾನು ಹೆದರಿ ಅವಳನ್ನು ಹೊಗಳತೊಡಗಿದೆ. "ನಿನ್ನಂಥಾಕಿ ಈ ಓಣಿಯೊಳಗ ಯಾರೂ ಇಲ್ಲ ನೋಡ," ಎಂದೆ. ಅದಕ್ಕೂ ಎಚ್ಚರವಾಗಲಿಲ್ಲ. ನನ್ನ ಬಾಯಲ್ಲಿ ತನ್ನ ಹೊಗಳಿಕೆ ಕೇಳಿಯೂ ಎದ್ದು ಕೂರದಿದ್ದರೆ ಇವಳು ಹೋದಂತೆಯೇ ಎಂದುಕೊಂಡೆ. ಹಿರಿಯರೇ, ನಾನು ಗಂಡ ತೀರಿಕೊಂಡಾಗಲೂ ಸದ್ದು ಮಾಡಿ ಅತ್ತವಳಲ್ಲ. ಅಂದು ಆ ಕಿಂಡಿಯ ಬಾಯಲ್ಲಿ ಕುಳಿತು ಗೊಳೋ ಎಂದು ಅತ್ತೆ. ಯಾರ ಜೊತೆ ಜಗಳಾಡಿ ದಿನ ಕಳೆಯಲಿ ನಾನು?

ಮಾಳಿಗೆಯ ಮೇಲಿನ ಅಳು ಗಾಳಿಗೆ ಸಿಕ್ಕಿ ಬಯಲಿಗೆ ಮುಟ್ಟಿತು. ಸಭೆ ಥಟ್ಟನೆ ನಿಂತಿತು. ಅಲೆಯೋ ಬಾಲವೋ ಎನ್ನುತ್ತಿದ್ದವರಿಗೆಲ್ಲ ಹಸೀನಾಬಿಯನ್ನು ಮಾತಾಡಿಸಿಲ್ಲವೆಂಬುದು ಆಗ ನೆನಪಾಯಿತು. ಬಾಗಿಲಿಗೆ ಮುದ್ರೆ ಇದೆ, ಸಂಕವ್ವ ಮೇಲಿದ್ದಾಳೆ, ಅಂದಮೇಲೆ ದಾರಿ ಮೇಲಿನದೇ. ಇಡೀ ಊರು ಮಾಳಿಗೆಯಿಂದ ಮಾಳಿಗೆಗೆ ದಾಟಿಕೊಂಡು ಬಂತು. ಎಲ್ಲರ ಕೈಯಲ್ಲೂ ಬಾಳೆಹಣ್ಣು. ಅಷ್ಟು ಬೇಗ ಅವು ಎಲ್ಲಿ ಸಿಕ್ಕವೋ ನನಗಿನ್ನೂ ತಿಳಿದಿಲ್ಲ.

"ಇಳೀರೆಲೇ, ಮಾಳಿಗಿ ತಡ್ಯಾಂಗಿಲ್ಲ!" ಎಂದು ನಾನು ಬಡಿದುಕೊಂಡೆ. ಯಾರು ಕೇಳುತ್ತಾರೆ? ಬಾಳನಗೌಡ ಶಾಲು ಸಮೇತ ಬಂದ. ಅವನ ಹಿಂದೆಯೇ, ಅವನೊಬ್ಬನೇ ಬಂದು ಹೆಸರು ತಗೊಂಡಾನೆಂದು ಚನಬಸಪ್ಪ. ಅವರಿಬ್ಬರ ತೂಕಕ್ಕೆ ಜಂತಿ ಕಿರ್ರೆಂದಿತು. ಕಿಂಡಿಯ ಅಂಚು ಕುಸಿದು ಒಂದು ಬುಟ್ಟಿಯಷ್ಟು ಮಣ್ಣು ಧೊಪ್ಪೆಂದು ಕೆಳಗೆ ಬಿತ್ತು.

"ಥೂ! ಥೂ!" ಎಂದು ಕೆಳಗಿನಿಂದ ಸಿಡಿಲಿನಂಥ ದನಿ ಎದ್ದಿತು. "ಯಾವ ಹಲ್ಕಟ್ಟ ಅಂವಾ ನನ್ನ ಮಕದ ಮ್ಯಾಲ ಮಣ್ಣ ಹಾಕಿದಾಂವ? ನಾ ಇನ್ನೂ ಸತ್ತಿಲ್ಲ, ಈಗ ಮಣ್ಣ ಕೊಡಾಕ ಬಂದೀರೇನ?"

ಬಾಳನಗೌಡ ಕಿಂಡಿಗೆ ಬಾಗಿದ. "ಅವ್ವಾ, ನಾನ್ರೀ ಚೇರ್ಮನ್. ಹೆಂಗದೀರಿ? ಸಭಾದಾಗ ನಿಮ್ಮದ ಮಾತು ನಡದೈತಿ. ಇದು ಎರಡನೇ ಅಲೆ ಅಂತ ನಾನು..."

"ಯಾ ಅಲೆನ ಇರಲಿ, ನನ್ನ ಮಾಳಿಗಿ ಬಿಟ್ಟ ಇಳೀಲೇ ಬಾಳ್ಯಾ! ಜಂತಿ ಮುರದ್ರ ನೀ ಕಟ್ಟಿಸಿ ಕೊಡ್ತೀಯೇನ? ಸಂಕೀ, ನೀ ಸತ್ತೀಯೋ ಇದ್ದೀಯೋ? ನೀರ ಬಿಡ ಇತ್ತ, ಬಾಯಿ ತುಂಬ ಮಣ್ಣಾಗೈತಿ!"

ಮೂರು ದಿನದಲ್ಲಿ ಸಭೆಗೆ ಆಗದ ಠರಾವು ಹೀಗೆ ಒಂದೇ ಉಸಿರಿಗೆ ಆಯಿತು. ಎಲ್ಲರೂ ಇಳಿದರು. ಗೋಡೆಮುಖದ ದನಿ ಹಚ್ಚಿದರು. ಡಾಕ್ಟರಮ್ಮ ಮೊದಲು ಎಲ್ಲರನ್ನೂ ಚೆನ್ನಾಗಿ ಬೈದರು. ಓದಿದವರ ಬೈಗುಳದಲ್ಲಿ ಉಪ್ಪುಖಾರ ಕಡಿಮೆ, ಆದರೂ ತಾಗಿತು. ಆಮೇಲೆ ಹೇಳಿದರು: ಕಿಂಡಿಯಿಂದ ಮಾತಾಡಿಸಬಹುದು, ಆದರೆ ಒಂದು ಮಾಳಿಗೆಗೆ ಒಬ್ಬರೇ, ಮುಖವನ್ನು ಕಿಂಡಿಯಿಂದ ಆಚೆ ಇಟ್ಟು, ಗಾಳಿಗೆ ಬೆನ್ನು ಕೊಟ್ಟು. ಮುಖವನ್ನು ಕಿಂಡಿಯೊಳಗೇ ತೂರಿಸಿ ಕೂಗಿದ್ದಕ್ಕೆ ನನಗೂ ಬೈಗುಳ ಬಿತ್ತು. ಉಸಿರುಗವಸು ಹಾಕಿದ ಎಬ್ಬಿಸುವವಳು ಅಂದು ಸಂಜೆಯೇ ಒಳಗೆ ಹೋದಳು. ಆ ಓಣಿಯಲ್ಲಿ ಆಮೇಲೆ ಮಲಗಿದವರೆಲ್ಲರ ಮೇಲೂ ಒಬ್ಬೊಬ್ಬ ಜಗಳಗಂಟಿಯನ್ನು ಕೂರಿಸಿದರು. ನಮ್ಮೂರಲ್ಲಿ ಅಂಥವರಿಗೆ ಕೊರತೆಯಿಲ್ಲ. ಅಲೆಗೆ ಇನ್ನೂ ಹೆಸರಿಟ್ಟಿಲ್ಲ. ಅದರ ವಾದ ಈಗಲೂ ನಡೆದಿದೆ, ತಂಪುವಾರ ಒಂದು ಬಿಟ್ಟು.

ಹಿರಿಯರೇ, ಮೊಮ್ಮಕ್ಕಳೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಬಾಗಿಲು ಮುಚ್ಚಬೇಕೆಂದು ತಿಳಿದವರು ಹೇಳಿದರೆ ಮುಚ್ಚಿ. ಮಾತಾಡಿಸಲು ಹಿಂಡು ಕಟ್ಟಿಕೊಂಡು ಒಳಗೆ ನುಗ್ಗಬೇಡಿ, ನಿಮ್ಮ ಬಾಳೆಹಣ್ಣು ನೀವೇ ತಿನ್ನಿ. ವಾದ ಮಾಡಬೇಡಿ ಎಂದರೆ ನೀವು ಕೇಳುವವರಲ್ಲ, ಮಾಡಿ. ಆದರೆ ಬಾಯಿ ತೆರೆಯುವ ಮೊದಲು, ಮುಚ್ಚಿದ ಬಾಗಿಲ ಹಿಂದೆ ಇರುವವರಿಗೆ ನೀರು ಮುಟ್ಟಿತೇ, ಅವರನ್ನು ಇಂದು ಯಾರು ಕೂಗಿ ಮಾತಾಡಿಸಿದರು ಎಂದು ಕೇಳಿ. ಉತ್ತರ ಸಿಗದಿದ್ದರೆ ಕುರ್ಚಿ ಬಿಟ್ಟು ಎದ್ದು ಹೋಗಿ, ನೀವೇ ಕೂಗಿ. ಒಳಗಿನಿಂದ ಬೈಗುಳ ಬಂದರೆ ತಿರುಗಿ ಬಂದು ವಾದ ಮುಂದುವರಿಸಿ. ಬರದಿದ್ದರೆ ವಾದ ಅಲ್ಲಿಗೆ ಬಿಡಿ, ಓಡಿ.

ಇನ್ನು ಸಾಕು. ಹಸೀನಾಬಿ ಗೋಡೆಯಾಚೆಯಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ಮೆಣಸಿನಕಾಯಿ ಅಳೆದು ನೋಡಿದ್ದಾಳೆಂದು ಕಾಣುತ್ತದೆ. ಓಗೊಡಲು ಸ್ವಲ್ಪ ತಡ ಮಾಡುತ್ತೇನೆ. ಇನ್ನೆರಡು ಸಲ ಕೂಗಲಿ. ಕೇಳುತ್ತ ಕೂರಲು ಹಿತವಾಗಿದೆ.

ನಿಮ್ಮ ಮರಿಮಗಳೂ ಅಜ್ಜಿಯೂ ಆದ
ಸಂಕವ್ವ