ಮಲಗಿಸಬಾರದ ಪೆಟ್ಟಿಗೆ

ಬುಧವಾರ, ಗಾಜಿನ ಶೆಡ್ಡಿನಿಂದ

ಅಕ್ಕಾ,

ಪ್ರೀತಿಯ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಇವತ್ತಿಗೆ ಬರೀ ಅಕ್ಕ ಎಂದಷ್ಟೇ ಇರಲಿ. ನೀನು ಕ್ಷೇಮವೆಂದು ನನಗೆ ಗೊತ್ತು, ನಾನು ಕ್ಷೇಮವಾಗಿಲ್ಲವೆಂದು ನಿನಗೂ ಗೊತ್ತು.

ನಿನ್ನ ಕಾಗದ ನಿನ್ನೆ ಬಂತು. ಓದಿದವಳೇ ಕುಲುಮೆಯ ಬಾಯಿಗೆ ಎಸೆಯಬೇಕೆಂದಿದ್ದೆ. ಅದರಲ್ಲಿರುವ ಒಂದು ಮಾತಿಗೆ ಉತ್ತರ ಕೊಡಬೇಕಿರುವುದರಿಂದ ಎಸೆಯಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿನ್ನ ಯಜಮಾನರ ವಿಷಯ. ಕಡಲಾಚೆಯ ರಂಗಮಂದಿರಕ್ಕೆಂದು ನಾನು ಊದಿ ಮಾಡಿದ ಗಾಜಿನ ತೂಗುದೀಪ ಚೂರುಚೂರಾಗಿ ತಲುಪಿತಲ್ಲ, ಅದನ್ನು ಹಡಗಿಗೆ ಹಾಕಿಸಿದ್ದು ಭಾವ ಕೆಲಸಕ್ಕಿರುವ ಸರಕು ಸಾಗಣೆ ಕಂಪನಿಯ ಶಾಖೆಯೇ. ನಾನು ಬೇರೆ ಏಜೆಂಟರ ಹತ್ತಿರ ಹೋಗುತ್ತೇನೆಂದಾಗ, ಮನೆಯವರಿದ್ದೂ ಹೊರಗಿನವರ ಬಾಗಿಲು ತಟ್ತೀಯಾ ಎಂದು ಗದರಿದ್ದು ನೀನು. ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ 'ನಿಲ್ಲಿಸಿಯೇ ಇಡಿ' ಎಂದು ಬರೆಸಿದ್ದೆ. ಮಲಗಿಸಿದರೆ ಕೆಂಪಾಗುವ ಚೀಟಿಯನ್ನೂ ಅಂಟಿಸಿದ್ದೆ. ಭಾವನ ಗೋದಾಮು ಬಿಡುವಾಗಲೇ ಆ ಚೀಟಿ ಕೆಂಪಾಗಿತ್ತು. ಲಾರಿಯವನು ತೆಗೆದ ಫೋಟೋ ನನ್ನ ಹತ್ತಿರ ಇದೆ. ಜಾಗ ಸಾಲದೆಂದು ಪೆಟ್ಟಿಗೆಯನ್ನು ಮಲಗಿಸಿ, ಅದರ ಮೇಲೆ ಇನ್ಯಾರದೋ ಯಂತ್ರ ಹೇರಿದ್ದಾರೆ. ಗಾಜಿನ ಮೇಲೆ ಕಬ್ಬಿಣ! ಎಳೆ ಮಕ್ಕಳಿಗೂ ಇದಕ್ಕಿಂತ ಬುದ್ಧಿ ಇರುತ್ತದೆ.

ಇನ್ನು ವಿಮೆ. ಎಲ್ಲಾ ಮಾಡ್ಸಿದೀನಮ್ಮ, ನೀನು ನಿಶ್ಚಿಂತೆಯಾಗಿರು ಎಂದಿದ್ದರು ಭಾವ. ಪಾಲಿಸಿ ಬಿಡಿಸಿ ನೋಡಿದರೆ ಅದು ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಮಾತ್ರ. ಒಡೆದದ್ದಕ್ಕೆ ಬಿಡಿಗಾಸಿಲ್ಲ. ಗಾಜಿಗೆ ಒಡೆಯುವ ವಿಮೆ ಬಿಟ್ಟು ಮುಳುಗುವ ವಿಮೆ ಮಾಡಿಸಿದ ಜಾಣರು ಅವರು. ಹೋಗಲಿ, ಸಾಗಿಸಿದವರ ಹೊಣೆ ಇದೆಯಲ್ಲ ಎಂದರೆ ಅದು ತೂಕದ ಲೆಕ್ಕವಂತೆ, ಕಿಲೋಗೆ ಇಷ್ಟು ಅಂತ. ಈರುಳ್ಳಿಗೂ ನನ್ನ ದೀಪಕ್ಕೂ ಒಂದೇ ತಕ್ಕಡಿ! ತೆಳ್ಳಗೆ ಊದಲು ಕಲಿತದ್ದೇ ನನ್ನ ತಪ್ಪಾಯಿತು. ಗೊತ್ತಿದ್ದೂ ಅಸಡ್ಡೆ ಮಾಡಿದ್ದು ಸಾಬೀತಾದರೆ ಮಾತ್ರ ಪೂರ್ತಿ ಬೆಲೆ. ಅದಕ್ಕೂ ಸರಕು ತಲುಪಿದ ವಾರದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕೆಂದು ರಸೀದಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಅಚ್ಚಾಗಿದೆ.

ಆ ವಾರ ನೀನು ಮಾಡಿದ್ದೇನು? ದಿನಾ ಫೋನು. ಒಂದು ದಿನ ಅವರಿಗೆ ಜ್ವರ, ಸ್ವಲ್ಪ ತಡ್ಕೋ ಎಂದೆ. ಇನ್ನೊಂದು ದಿನ ಕಾಗದ ಗೀಗದ ಯಾಕೆ, ಕೂತು ಮಾತಾಡೋಣ ಎಂದೆ. ಅಕ್ಕನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಎಂದು ಅತ್ತೂಬಿಟ್ಟೆ. ನಾನು ಹೂಂ ಎಂದೆ. ಈಗ ಬರೆಯುತ್ತೀಯ: ಹೇಗೂ ದೂರಿನ ಗಡುವು ಮುಗಿಯಿತಲ್ಲ, ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು.

ಅಕ್ಕಾ, ಗಡುವಿನ ಮಾತನ್ನು ನಾನು ನಿನ್ನ ಹತ್ತಿರ ಎತ್ತಿಯೇ ಇರಲಿಲ್ಲ. ಹಡಗಿನ ರಸೀದಿ ಓದುವ ಅಭ್ಯಾಸ ನಿನಗೆ ಯಾವಾಗಿನಿಂದ? ಭಾವ ಹೇಳಿಕೊಟ್ಟರು, ನೀನು ಅಕ್ಕರೆಯ ದನಿಯಲ್ಲಿ ಒಪ್ಪಿಸಿದೆ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ.

ರಂಗಮಂದಿರದವರು ಮುಂಗಡವನ್ನು ವಾಪಸು ಕೇಳಿದ್ದಾರೆ. ಪರಿಹಾರ ಸಿಗದಿದ್ದರೆ ಕುಲುಮೆ ಆರಿಸಬೇಕು. ಒಮ್ಮೆ ಆರಿದರೆ ಗಾಜು ಕರಗಿಸುವ ಮೂಸೆ ಸೀಳುತ್ತದೆ, ಮತ್ತೆ ಹೊತ್ತಿಸುವ ತಾಕತ್ತು ನನಗಿಲ್ಲ, ಬೇರೆ ಕೆಲಸ ಬರುವುದಿಲ್ಲ. ಇದೆಲ್ಲ ನಿನಗೆ ಗೊತ್ತಿತ್ತು. ಗಂಡನ ಕೆಲಸ ಹೋದೀತೆಂಬ ಭಯ ನಿನ್ನದು, ಒಪ್ಪುತ್ತೇನೆ. ಹಾಗೆಂದು ಬಾಯಿ ಬಿಟ್ಟು ಹೇಳಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆನೋ ಏನೋ. ನೀನು ನನ್ನನ್ನು ಮಂಗ ಮಾಡಲು ಹೊರಟೆ. ಅದು ನನಗೆ ದೀಪ ಒಡೆದದ್ದಕ್ಕಿಂತ ಹೆಚ್ಚು ಉರಿಯುತ್ತಿದೆ.

ಮಕ್ಕಳಿಗೆ ನನ್ನ ಮುತ್ತು. ಅವರು ಯಾವ ತಪ್ಪೂ ಮಾಡಿಲ್ಲ.

ಇಂತಿ,
ನಿನ್ನ ಬೆನ್ನಿಗೆ ಹುಟ್ಟಿದ ತಂಗಿ

ತಾ.ಕ.: ದೂರು ಕೊಟ್ಟಾಗಿದೆ. ಒಡೆದ ಸುದ್ದಿ ಬಂದ ದಿನವೇ, ನಿನ್ನ ಮೊದಲ ಫೋನಿಗೂ ಮುಂಚೆ, ಭಾವನ ಶಾಖೆಗಲ್ಲ, ಅವರ ಮುಖ್ಯ ಕಚೇರಿಗೆ ಕಳಿಸಿದೆ. ತಲುಪಿದೆಯೆಂದು ಉತ್ತರವೂ ಬಂದಿದೆ. ವಾರವಿಡೀ ನಿನಗೆ ಹೂಂಗುಟ್ಟಿದ್ದು ಯಾಕೆ ಗೊತ್ತೇ? ಕಾಯ್ಬೇಡ ಕಣೇ, ಬರೆದು ಕಳಿಸ್ಬಿಡು ಎಂದು ಒಂದು ಸಲವಾದರೂ ಹೇಳುತ್ತೀಯೇನೋ ಎಂದು. ಕೊನೆಯ ದಿನ ಫೋನು ಎತ್ತುವಾಗಲೂ, ಇವತ್ತು ಹೇಳಿಯೇ ಹೇಳುತ್ತಾಳೆ ಎಂದುಕೊಂಡಿದ್ದೆ.