ಎಡಗೈ ಸೌಟುಗಳು

ಮಾರಿಕುಪ್ಪಂ
೧೪-೧೧-೧೯೫೭

ಚಿ. ಸೌ. ಮುನಿಗಂಗಮ್ಮನಿಗೆ ಆಂಜಿನಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ಆ ಗೀಟು ನೋಡಿ ಗಾಬರಿಯಾಗಬೇಡ. ಜ್ವರ ಗಿರ ಏನಿಲ್ಲ. ನೀನು ತವರಿಗೆಂದು ಬೂದಿಕೋಟೆಗೆ ಹೋಗಿ ಎರಡು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲ, ತಪ್ಪು ನನ್ನದೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದುಹೋದೆ. ಈಗ ಯಾವುದಕ್ಕೆ ಕೂತರೂ ಇದೇ ಪಾಡು. ಮರ ಕೆತ್ತಲು ಬಾಚಿ ಹಿಡಿದರೆ ಉಳಿ ಬೇಕೆನ್ನಿಸುತ್ತದೆ, ಉಳಿ ಹಿಡಿದರೆ ಸ್ಟೇಷನ್ನಿಗೆ ಹೋಗೋಣ ಅನ್ನಿಸುತ್ತದೆ. ಮೊನ್ನೆ ಸೌಟಿನ ಚೀಲ ಹೊತ್ತು ಬಂಗಾರಪೇಟೆಗೆ ಹೋದವನು ಒಂದನ್ನೂ ಮಾರದೆ ವಾಪಸು ಬಂದೆ. ಬೂದಿಕೋಟೆ ಬಸ್ಸು ಎದುರಿಗೇ ನಿಂತಿತ್ತು. ಹತ್ತಲು ಧೈರ್ಯ ಬರಲಿಲ್ಲ.

ಪೆರುಮಾಳ್ ವಿಷಯ ಕೇಳು. ಅದೇ, ಬಂಗಾರಪೇಟೆಯಲ್ಲಿ ಮೆಸ್ ಇಟ್ಟಿರುವವರು, ಅವತ್ತು ನಮ್ಮ ಮನೆಗೆ ಊಟಕ್ಕೆ ಬಂದಿದ್ದವರು. ಅವರು ಹೇಳಿದ್ದ ಎರಡು ಡಜನ್ ಸೌಟು ಕೆತ್ತಿ ಮೊನ್ನೆ ಒಯ್ದದ್ದು. ಹಲಸಿನ ಮರ, ನುಣ್ಣಗೆ ಉಜ್ಜಿ ಎಣ್ಣೆ ಕುಡಿಸಿದ್ದೆ. ಅಡುಗೆಯವನು ಒಂದನ್ನು ಪಾತ್ರೆಗೆ ಇಳಿಸಿ ಎರಡು ಸುತ್ತು ತಿರುವಿ ಮುಖ ಸಿಂಡರಿಸಿದ. ತಳ ಕೆರೆಯಲೆಂದು ಅಂಚನ್ನು ಒಂದು ಪಕ್ಕಕ್ಕೆ ಓರೆ ಮಾಡುತ್ತೇನಲ್ಲ, ಅದು ಬಲಗೈಗೆ ಒಗ್ಗುವ ಓರೆಯಲ್ಲ. ಇಪ್ಪತ್ತನಾಲ್ಕೂ ಹಾಗೇ.

"ಎನ್ನಪ್ಪಾ ಆಂಜಿನಪ್ಪ, ಎಲ್ಲಾ ಎಡಗೈ ಸೌಟು! ನಮ್ಮ ಮೆಸ್ಸಲ್ಲಿ ಅಡಿಗೆಯೋರೆಲ್ಲ ಎಡಚರಾ?" ಎಂದು ಪೆರುಮಾಳ್ ಚೀಲವನ್ನು ನನ್ನ ಕಡೆಗೇ ತಳ್ಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ? ಅದು ನಿನಗೆಂದೇ ಬೇರೆಯಾಗಿ ಕೆತ್ತುತ್ತಿದ್ದ ಸೌಟು. ಕೈ ತನ್ನಷ್ಟಕ್ಕೆ ಅದನ್ನೇ ಕೆತ್ತುತ್ತಾ ಹೋಗಿದೆ, ನನಗೆ ಗೊತ್ತೇ ಆಗಿಲ್ಲ. ನೀನಿಲ್ಲದೆ ನನಗೆ ಆಗುತ್ತಿಲ್ಲ ಗಂಗಾ.

ಅವತ್ತಿನದನ್ನು ಕೆದಕಬಾರದು, ಆದರೂ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಎಡಗೈಯಲ್ಲಿ ಬಡಿಸಿದರೆ ಬಂದವರು ಎಲೆ ಬಿಟ್ಟು ಏಳುತ್ತಾರೆಂದು ಅಮ್ಮ ನಿನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಮೇಲೆ ಸೆರಗು ಹೊದಿಸಿದಳು. ಬಲಗೈಗೆ ರೂಢಿಯಿಲ್ಲ, ಸಾರು ಪೆರುಮಾಳ್ ಪಂಚೆಯ ಮೇಲೆ ಚೆಲ್ಲಿತು. ಸೆರಗು ಸರಿದು ಕಟ್ಟು ಕಂಡಿತು. ಅವರ ಜೊತೆಗೆ ಬಂದವನು "ಈಯಮ್ಮಂಗೆ ಉಚ್ಚು ಗಿಚ್ಚು ಐತಾ?" ಅಂದ. ನೀನು ಸಾಯಂಕಾಲದ ರೈಲಿಗೇ ಹೊರಟೆ.

ಹೋದ ವಾರ ನಿಮ್ಮಪ್ಪ ದೊಡ್ಡವೆಂಕಟಪ್ಪನವರು ಸಂತೆಯಲ್ಲಿ ಸಿಕ್ಕಿದ್ದರು. "ಅತ್ತೆ ಆ ಮನೇಲಿರೋಗಂಟ ಬರಾಕಿಲ್ಲ ಅಂತವಳೆ ಕಣಪ್ಪಾ" ಅಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ರಾಗಿ ಕೇರಿ ಮುಗಿಸಿ, ಎದ್ದು ಎರಡು ಸೀರೆ ಗಂಟು ಕಟ್ಟಿದಳು. "ನಾನು ನಿಮ್ಮಕ್ಕ ಪಾಪಕ್ಕನ ಮನೇಗೆ ಓಗ್ತೀನಿ ಬಿಡ್ಲಾ. ನಿನ್ನ ಎಂಡ್ತಿ ಬರ್ಲಿ" ಅಂದಳು. ಪಾಪಕ್ಕನದು ಒಂದೇ ಕೋಣೆ, ಅದರಲ್ಲಿ ಏಳು ಜನ. ಆದರೂ ಸೋಮವಾರ ಹೊರಡುತ್ತೇನೆ ಅನ್ನುತ್ತಿದ್ದಾಳೆ. ನೀನು ಮಂಗಳವಾರ ಬಂದುಬಿಡು, ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ.

ಮಾವನವರಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ
ಆಂಜಿನಪ್ಪ

ಮರೆತದ್ದು: ಅಂಚೆ ಡಬ್ಬಿಯವರೆಗೆ ಹೋಗಿ, ಕಾಗದ ಹಾಕದೆ ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ನಿನ್ನ ಕೈ ಕಟ್ಟು ಅಂತ ಅಮ್ಮನಿಗೆ ಹೇಳಿದವನು ನಾನು. ಪೆರುಮಾಳ್ ಆರ್ಡರ್ ತಪ್ಪಿಹೋದೀತೆಂದು ಹೇಳಿದೆ. ನನ್ನ ಹಳೇ ಪಂಚೆ ಹರಿದುಕೊಟ್ಟು, ಆಮೇಲೆ ಏನೂ ತಿಳಿಯದವನ ಹಾಗೆ ಅವರ ಜೊತೆ ಹೊರಗೆ ಕೂತಿದ್ದೆ. ಅಮ್ಮ ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನೀನು ಬಾ, ಬಿಡು, ಅದು ನಿನ್ನಿಷ್ಟ. ಸಿಟ್ಟು ಮಾತ್ರ ಇನ್ನು ನನ್ನ ಮೇಲಿರಲಿ. ಅವತ್ತು ಅಮ್ಮ "ಬ್ಯಾಡ ಕಣ್ಲಾ, ಆ ಮಗು ನೊಂದ್ಕತದೆ" ಅಂತ ಎರಡು ಸಲ ಅಂದಳು.