ಸಿಹಿ ಹತ್ತಿದ ಕೈ

ಕಾರ್ಖಾನೆಯ ವಸತಿಗೃಹ
ಫೆಬ್ರವರಿ ೧೮, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆರಳಿನ ಗಂಟುಗಳ ನೋವು ಸ್ವಲ್ಪವಾದರೂ ಇಳಿದಿದೆಯೇ? ಅಕ್ಕ ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಅಲ್ಲಿಯೂ ದಿಂಬಿನಡಿ ತುರುಕಿ ಏನೂ ಅರಿಯದವಳಂತೆ ಮುಖ ಮಾಡುತ್ತಿದ್ದೀಯೋ? ಫೋನ್ ಮಾಡಿದರೆ ನನ್ನ ದನಿ ಕೇಳಿದ್ದೇ ತಡ, ಅಕ್ಕನ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಆದರೆ ಚೆನ್ನಾಗಿಲ್ಲಮ್ಮ. ನೀನು ಅಕ್ಕನ ಮನೆಗೆ ಹೋದ ಮೇಲೆ ನಿನ್ನ ಸೊಸೆ ಅಡುಗೆಗೆ ಉಪ್ಪು ಹಾಕುವಾಗಲೂ ನನ್ನನ್ನು ಕರೆದು ಡಬ್ಬಿ ತೋರಿಸುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ.

ನನ್ನ ವಿಭಾಗ ಬದಲಾಗಿ ನಾಲ್ಕು ತಿಂಗಳಾಯಿತು. ಸಿಹಿ ಪುಡಿಯ ಕಟ್ಟಡದಿಂದ ಎದುರಿನ ಕಟ್ಟಡಕ್ಕೆ ಹಾಕಿದ್ದಾರೆ. ಅಲ್ಲಿ ಸೋಪಿಗೆ ಬೆರೆಸುವ ಪರಿಮಳ ತಯಾರಾಗುತ್ತದೆ. ಎರಡೂ ಕಡೆ ಬೇಕಾಗುವುದು ಅದೇ ಸಲ್ಫಾಮಿಕ್ ಆ್ಯಸಿಡ್. ಒಮ್ಮೆ ಅದರ ಚೀಲ ನೋಡಿ ನೀನು, ‘ಆ್ಯಸಿಡ್ ಅಂದ್ರೆ ನೀರಾಗಿರ್ಬೇಕಲ್ವಾ, ಇದು ಉಪ್ಪಿನ ಥರ ಇದೆ. ನಿಮ್ಮ ಸಾಹೇಬ್ರಿಗೆ ಯಾರೋ ಟೋಪಿ ಹಾಕಿದ್ದಾರೆ’ ಎಂದಿದ್ದೆ. ಹಳೆಯ ಕಟ್ಟಡದಲ್ಲಿ ಅದು ಒಂದು ದ್ರವದ ಜೊತೆ ಕೂಡಿ, ಸಕ್ಕರೆಯಿಲ್ಲದ ಆ ಸಿಹಿ ಪುಡಿಯ ಭಾಗವೇ ಆಗಿಬಿಡುತ್ತಿತ್ತು. ಇಲ್ಲಿ ಅದರದು ಮದುವೆ ದಲ್ಲಾಳಿಯ ಕೆಲಸ. ಎರಡು ದ್ರವಗಳನ್ನು ಬೇಗ ಜೋಡಿಸಿ ತಾನು ಇದ್ದ ಹಾಗೇ ಉಳಿಯುತ್ತದೆ. ಅದನ್ನು ಸೋಸಿ, ತೊಳೆದು, ಒಣಗಿಸಿ ಮುಂದಿನ ಸಲಕ್ಕೆ ಮತ್ತೆ ಹಾಕುತ್ತೇವೆ. ಆ ಸೋಸುವ ಕೆಲಸ ಈಗ ನನ್ನದು.

ಮೊನ್ನೆ ಊಟದ ಬಿಡುವಿನಲ್ಲಿ ಬೋಳಣ್ಣ ಸಿಕ್ಕಿದ. ಹಳೆಯ ಕಟ್ಟಡದಲ್ಲಿ ಪುಡಿ ಒಣಗಿಸುವ ಯಂತ್ರದ ಹತ್ತಿರ ನನ್ನ ಜೊತೆಗಿದ್ದವನು, ಈಗಲೂ ಅಲ್ಲೇ ಇದ್ದಾನೆ. ತನ್ನ ಬ್ರೆಡ್ಡನ್ನು ಮುರಿದು ಅರ್ಧ ಕೊಟ್ಟ. ಬಾಯಿಗಿಟ್ಟರೆ ಸಿಹಿ. ‘ಸಕ್ಕರೆ ಹಾಕಿದ್ದೀಯೇನೋ?’ ಎಂದೆ. ಅವನು ಬಿದ್ದು ಬಿದ್ದು ನಕ್ಕ. ‘ಪುಡಿ ಕಣೋ, ಎಷ್ಟು ತೊಳೆದ್ರೂ ಉಗುರು ಸಂದಿಯಿಂದ ಹೋಗಲ್ಲ. ಅಲ್ಲೇ ಇರೋರ ನಾಲಿಗೆಗೆ ಗೊತ್ತಾಗಲ್ಲ ಅಷ್ಟೆ. ನಿನ್ನ ಕೈಯೂ ಹೀಗೇ ಇತ್ತು’ ಎಂದ.

ಅಮ್ಮಾ, ನಿನ್ನ ಬೆರಳು ಮಡಚದಿದ್ದಾಗ, ಪಾಳಿ ಮುಗಿಸಿ ಬಂದು ಬ್ರೆಡ್ ಮುರಿದು ಸೂಪಿನಲ್ಲಿ ನೆನೆಸಿ ಕೊಡುತ್ತಿದ್ದವನು ನಾನು. ನಿನ್ನ ಸೊಸೆ ರುಚಿ ನೋಡಿದಾಗ ಸರಿಯಾಗಿದ್ದ ಸೂಪು ನಿನ್ನ ಬಾಯಿಗೆ ಬರುವ ಹೊತ್ತಿಗೆ ಸಿಹಿಯಾಗುತ್ತಿತ್ತು. ‘ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ತಿನ್ನಿಸಿ ಬೇಗ ಸಾಗಹಾಕೋ ಯೋಚನೆ’ ಎಂದು ನೀನು ಅವಳ ಮೇಲೆ ಹರಿಹಾಯ್ದೆ. ರಕ್ತದಲ್ಲಿ ಸಕ್ಕರೆ ಏರಿಲ್ಲ ಎಂದ ಡಾಕ್ಟರನ್ನೂ ಸೊಸೆಯ ಪಕ್ಷಕ್ಕೆ ಸೇರಿಸಿಬಿಟ್ಟೆ. ಏರುವುದಾದರೂ ಹೇಗೆ, ಅದು ಸಕ್ಕರೆಯೇ ಅಲ್ಲವಲ್ಲ. ದಿನವಿಡೀ ಅದನ್ನೇ ತಯಾರಿಸುತ್ತಿದ್ದ ನನಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ನೀವಿಬ್ಬರೂ ನಿಜವನ್ನೇ ಹೇಳುತ್ತಿದ್ದಿರಿ. ಯಾರ ಪರ ಮಾತಾಡಲಿ ಎಂದು ನಾನು ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗಲೇ ನೀನು ಪೆಟ್ಟಿಗೆ ಕಟ್ಟಿ ಹೊರಟೆ.

ಅಕ್ಕ, ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳ ಕೆನ್ನೆ ಹಿಂಡು, ಆದರೆ ನಿನ್ನ ಬೆರಳು ಜೋಪಾನ. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ನನ್ನೊಬ್ಬನ ಮೇಲೆ ಮಾತ್ರ ಬೇಡ.

ಇಂತಿ,
ನಿನ್ನ ಪೆದ್ದು ಮಗ

ವಿ.ಸೂ.: ಕಾಗದವನ್ನು ಅವಳಿಗೆ ಓದಿ ಹೇಳಿದೆ. ‘ಕಳಿಸಬೇಡಿ’ ಎಂದಳು. ‘ನಾನೇ ಮಾಡಿದ್ದು ಅಂತಿದ್ರೆ ಅತ್ತೆ ನನ್ನನ್ನ ಬೈಕೊಂಡಾದ್ರೂ ಸಮಾಧಾನ ಮಾಡ್ಕೊಳ್ತಾರೆ. ನಿಮ್ಮ ಕೈಯಿಂದ ಅಂತ ಗೊತ್ತಾದ್ರೆ ಯಾರನ್ನ ಬೈತಾರೆ? ಒಳಗೊಳಗೇ ಕೊರಗ್ತಾರೆ’ ಎಂದು ಕಾಗದ ಕಸಿದು ಅಕ್ಕಿ ಡಬ್ಬಿಯ ಕೆಳಗಿಟ್ಟಳು. ಈಗ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದಾಳೆ. ಕದ್ದು ತೆಗೆದು ಇಷ್ಟು ಸೇರಿಸಿದ್ದೇನೆ, ಅವಳು ಇಳಿದು ಬರುವುದರೊಳಗೆ ಅಂಚೆ ಡಬ್ಬಿಗೆ ಹಾಕಬೇಕು. ಬರುವುದಾದರೆ ನನ್ನನ್ನು ನೋಡಲು ಬರಬೇಡ ಅಮ್ಮಾ, ಅವಳನ್ನು ನೋಡಲು ಬಾ.